‘ಬೆಡ್‌ರೂಮ್ ಆಕ್ಸಿಜನ್ ಪ್ಯಾಕ್’ ತಗೊಳ್ಳುವ ಮುಂಚೆ ಇದನ್ನು ಓದಿ

ಮನೆಯಲ್ಲಿ ಸಣ್ಣ ಮಗು, ನಾಯಿ, ಬೆಕ್ಕು ಇದೆಯಾ? ಯಾರಿಗಾದರೂ ಉಬ್ಬಸ ಇದೆಯಾ? ಹಾಗಿದ್ದರೆ ‘ರಾತ್ರಿಯೆಲ್ಲಾ ಆಕ್ಸಿಜನ್ ಕೊಡುತ್ತೆ, ನಿದ್ದೆ ಚೆನ್ನಾಗಿ ಬರುತ್ತೆ’ ಅಂತ ಜೋಡಿಸಿ ಮಾರುವ ಗಿಡಗಳನ್ನು ಹೆಸರು ಕೇಳದೆ ತಂದು ಮಲಗುವ ಕೋಣೆಯಲ್ಲಿ ಇಡಬೇಡಿ.

ನಾವು ತಗೊಂಡಿದ್ದು ಬೆಂಗಳೂರಿನ ಒಂದು ನರ್ಸರಿಯಲ್ಲಿ. ಸ್ನೇಕ್ ಪ್ಲಾಂಟ್, ಪೀಸ್ ಲಿಲಿ, ಮನಿ ಪ್ಲಾಂಟ್, ಜೊತೆಗೆ ಅಗಲ ಎಲೆಯ ಇನ್ನೊಂದು ಗಿಡ. ಅದರ ಹೆಸರೇನು ಅಂದರೆ "ಏರ್ ಪ್ಯೂರಿಫೈಯರ್ ಮೇಡಂ" ಅಂದರು. ಕುಂಡದ ಮೇಲೆ ನಾಸಾ ಹೆಸರಿನ ಸ್ಟಿಕರ್ ಬೇರೆ. "ಮನೇಲಿ ಮಗು ಇದೆ, ಪರವಾಗಿಲ್ವಾ?" ಅಂತ ನಮ್ಮ ಯಜಮಾನರು ಕೇಳಿದರು. "ಮಕ್ಕಳಿಗಂತೂ ತುಂಬಾ ಒಳ್ಳೇದು ಸರ್" ಅನ್ನೋ ಉತ್ತರ ಬಂತು.

ಆ ಹೆಸರಿಲ್ಲದ ಗಿಡ ಡೈಫೆನ್‌ಬಾಕಿಯಾ. ಮಗಳು ಅದರ ಎಲೆಯ ತುದಿ ಕಿತ್ತು ಬಾಯಿಗೆ ಹಾಕಿಕೊಂಡಳು. ಅಗಿದಿದ್ದು ಚೂರೇ ಚೂರು. ನೋಡನೋಡುತ್ತಲೇ ಕೆಳತುಟಿ ಊದಿತು. ಜೊಲ್ಲು ನಿಲ್ಲಲಿಲ್ಲ. ನಾಲಿಗೆ ಒಳಗೆ ಎಳೆದುಕೊಳ್ಳಲಾಗದೆ ಹೊರಗೇ ಚಾಚಿಕೊಂಡು ಅತ್ತಳು. ಒದ್ದೆ ಬಟ್ಟೆಯಲ್ಲಿ ಬಾಯಿ ಒರೆಸಿ ಆಸ್ಪತ್ರೆಗೆ ಓಡಿದೆವು. ಹೊರಡುವ ಗಡಿಬಿಡಿಯಲ್ಲೂ ನಮ್ಮತ್ತೆ ಉಳಿದ ಎಲೆಯನ್ನು ಕವರಿಗೆ ಹಾಕಿ ಕೈಗೆ ಕೊಟ್ಟರು. ಡಾಕ್ಟರಿಗೆ ಅದೇ ಉಪಯೋಗಕ್ಕೆ ಬಂತು. ಗಂಟಲು ಊದಿ ಉಸಿರಿಗೆ ತೊಂದರೆ ಆಗಬಹುದಾ ಅಂತ ಸಂಜೆವರೆಗೂ ಇರಿಸಿಕೊಂಡು ನೋಡಿ, ಆಮೇಲೆ ಮನೆಗೆ ಕಳಿಸಿದರು.

ಮಲೆನಾಡು, ಕರಾವಳಿಯವರಿಗೆ ಇದು ಬೇಗ ಅರ್ಥ ಆಗುತ್ತೆ. ಈ ಗಿಡ ಕೆಸುವಿನ ಬಳಗದ್ದು. ಪತ್ರೊಡೆಗೆ ಹುಳಿ ಕಮ್ಮಿ ಬಿದ್ದರೆ ಗಂಟಲು ಕೆರೆಯುತ್ತಲ್ಲ, ಅದನ್ನು ಮಾಡುವ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳೇ ಇದರಲ್ಲೂ ಇರುವುದು. ಸೂಜಿಯಂಥ ಹರಳು. ಎಲೆ ಅಗಿದ ಕೂಡಲೇ ತುಟಿಗೆ, ನಾಲಿಗೆಗೆ ಚುಚ್ಚಿಕೊಳ್ಳುತ್ತವೆ. ಪೀಸ್ ಲಿಲಿ ಹೆಸರಿಗೆ ಮಾತ್ರ ಲಿಲಿ, ಅದೂ ಇದೇ ಬಳಗ. ಮನಿ ಪ್ಲಾಂಟ್, ಫಿಲೊಡೆಂಡ್ರಾನ್, ಅಗ್ಲೋನಿಮಾ ಕೂಡ. ಸ್ನೇಕ್ ಪ್ಲಾಂಟ್ ಬೇರೆ ಜಾತಿ, ಆದರೆ ನಾಯಿ ಬೆಕ್ಕು ತಿಂದರೆ ವಾಂತಿ ಮಾಡಿಕೊಳ್ಳುತ್ತವೆ.

ನರ್ಸರಿಗೆ ಫೋನ್ ಮಾಡಿದೆ. "ಮಗುನ ನೋಡ್ಕೊಳ್ಳೋದು ನಿಮ್ಮ ಕೆಲಸ ಅಲ್ವಾ ಮೇಡಂ?" ಅಂದರು. ಹೆಸರು ಬರೆದ ಒಂದು ಚೀಟಿ ಅಂಟಿಸೋದು ಯಾರ ಕೆಲಸ ಅಂತ ಕೇಳುವಷ್ಟರಲ್ಲಿ ಫೋನ್ ಇಟ್ಟಿದ್ದರು.

ಇನ್ನೊಂದು ಕಾಟ ಮಣ್ಣಿಂದ ಬಂತು. ದಿನಾ ನೀರು ಹಾಕಿ ಅಂತ ಅವರೇ ಹೇಳಿದ್ದು. ಕುಂಡದಲ್ಲಿ ಬರೀ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಅದು ಒಣಗುವುದೇ ಇಲ್ಲ. ಕಿಟಕಿ ಮುಚ್ಚಿದ ಕೋಣೆ ಬೇರೆ. ಮೇಲೆ ಬಿಳಿ ಬೂಷ್ಟು ಕಟ್ಟಿತು, ಸಣ್ಣ ಕಪ್ಪು ನೊಣಗಳು ದಿಂಬಿನ ಹತ್ತಿರ ಹಾರಾಡತೊಡಗಿದವು. ಸ್ನೇಕ್ ಪ್ಲಾಂಟ್ ಬುಡದಲ್ಲೇ ಕೊಳೆಯಿತು. ಯಜಮಾನರಿಗೆ ಮೊದಲೇ ಉಬ್ಬಸ, ಬೂಷ್ಟು ಆಗಿಬರುವುದಿಲ್ಲ. ನಿದ್ದೆಗೆ ಅಂತ ತಂದ ಗಿಡ, ಅವರು ಕೆಮ್ಮಿಕೊಂಡು ಕೂತಿರುತ್ತಿದ್ದರು. ಕುಂಡದ ಕೆಳಗಿನ ತಟ್ಟೆಯಲ್ಲಿ, ಮನಿ ಪ್ಲಾಂಟಿನ ಬಾಟಲಿಯಲ್ಲಿ ನೀರು ನಿಂತರೆ ಡೆಂಗಿ ಸೊಳ್ಳೆಗೆ ವಾರ, ಹತ್ತು ದಿನ ಸಾಕು.

ಇನ್ನು ಆ ಆಕ್ಸಿಜನ್ ಕಥೆ. ಎಲೆ ಆಕ್ಸಿಜನ್ ಬಿಡುವುದು ಬೆಳಕು ಇದ್ದಾಗ. ಸ್ನೇಕ್ ಪ್ಲಾಂಟ್ ರಾತ್ರಿ ಕಾರ್ಬನ್ ಡೈಆಕ್ಸೈಡ್ ಎಳೆದುಕೊಳ್ಳುವುದು ನಿಜ, ಆದರೆ ಅದನ್ನು ಕೂಡಿಟ್ಟುಕೊಂಡು ಹಗಲಿನಲ್ಲೇ ಬಳಸುತ್ತೆ. ಗಿಡಗಳು ಗಾಳಿಯಲ್ಲಿರುವ ಕೆಲವು ಕೆಟ್ಟ ರಾಸಾಯನಿಕಗಳನ್ನು ತೆಗೆಯುತ್ತವೆ ಅನ್ನುವ ನಾಸಾದ 1989ರ ವರದಿ ಸುಳ್ಳಲ್ಲ. ಆದರೆ ಆ ಪ್ರಯೋಗ ನಡೆದಿದ್ದು ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. 2019ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಇಂಥ ಹಳೇ ಪ್ರಯೋಗಗಳನ್ನೆಲ್ಲ ಲೆಕ್ಕ ಹಾಕಿ ನೋಡಿದರು. ಕಟ್ಟಡದೊಳಗೆ ಮಾಮೂಲಿಯಾಗಿ ಆಡುವ ಗಾಳಿ ಮಾಡುವಷ್ಟು ಕೆಲಸ ಗಿಡ ಮಾಡಬೇಕಾದರೆ ಒಂದು ಚದರ ಮೀಟರಿಗೆ 10ರಿಂದ 1000 ಗಿಡ ಬೇಕಂತೆ! ಮಲಗಲು ಜಾಗ ಎಲ್ಲಿ? ರಾತ್ರಿ ಗಿಡ ನಮ್ಮ ಉಸಿರು ಕಿತ್ತುಕೊಳ್ಳುತ್ತೆ ಅನ್ನುವ ಅಜ್ಜಿಯ ಹೆದರಿಕೆಯೂ ಅಷ್ಟೇ. ಪಕ್ಕದಲ್ಲಿ ಮಲಗಿದವರು ಒಂದು ಕುಂಡಕ್ಕಿಂತ ಎಷ್ಟೋ ಜಾಸ್ತಿ ಕಾರ್ಬನ್ ಡೈಆಕ್ಸೈಡ್ ಬಿಡುತ್ತಾರೆ.

ಹಸಿರು ಕಣ್ಣಿಗೆ ಹಿತ, ಅದಕ್ಕಾಗಿ ಇಡುವುದಾದರೆ ಇಡಿ. ಸ್ಪೈಡರ್ ಪ್ಲಾಂಟ್, ಅರೆಕಾ ಪಾಮ್, ಪೆಪರೋಮಿಯಾ ವಿಷವಲ್ಲ. ಎರಡು ಬೆರಳು ಆಳಕ್ಕೆ ಮಣ್ಣು ಒಣಗಿದ ಮೇಲೆ ನೀರು, ತಟ್ಟೆ ಖಾಲಿ. ಮಲ್ಲಿಗೆ, ರಾತ್ರಿರಾಣಿ ಹೊರಗೇ ಇರಲಿ, ಮುಚ್ಚಿದ ಕೋಣೆಯಲ್ಲಿ ಆ ವಾಸನೆಗೆ ಕೆಲವರಿಗೆ ತಲೆನೋವು ಬರುತ್ತೆ.

ಡೈಫೆನ್‌ಬಾಕಿಯಾ ಗುರುತು ಹೇಳಿಬಿಡುತ್ತೇನೆ: ದಪ್ಪ ಕಾಂಡ, ಅಗಲ ಎಲೆ, ಎಲೆಯ ನಡುವೆ ಕೆನೆಬಣ್ಣದ ಮಚ್ಚೆಗಳು. ಮಗು ಅಗಿದರೆ ವಾಂತಿ ಮಾಡಿಸಬೇಡಿ. ಬಾಯಿ ಒರೆಸಿ, ನುಂಗಲು ಆಗುವಂತಿದ್ದರೆ ತಣ್ಣನೆ ನೀರೋ ಹಾಲೋ ಕುಡಿಸಿ, ಎಲೆ ಸಮೇತ ಆಸ್ಪತ್ರೆಗೆ ಹೊರಡಿ. ರಸ ಕಣ್ಣಿಗೆ ಬಿದ್ದರೆ 15 ನಿಮಿಷ ಬಿಡದೆ ನೀರಲ್ಲಿ ತೊಳೆದು ಆಮೇಲೆ ಡಾಕ್ಟರ ಹತ್ತಿರ ಹೋಗಿ.