ಹೊರಗೋಡೆಗೆ ಸಿಮೆಂಟ್ ಪೇಂಟೋ, ಎಮಲ್ಷನ್ನೋ? ನಮ್ಮ ಹುಬ್ಬಳ್ಳಿ ಮನೆಯ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಡಬ್ಬಿಯಲ್ಲಿ ದ್ರವವಾಗಿಯೇ ಸಿಗುವ ಹೊರಗೋಡೆಯ ಬಣ್ಣಕ್ಕೆ, ಅಂದರೆ ಮಧ್ಯಮ ದರ್ಜೆಯ ಎಕ್ಸ್‌ಟೀರಿಯರ್ ಎಮಲ್ಷನ್‌ಗೆ. ಹಳೇ ಹುಬ್ಬಳ್ಳಿಯ ನಮ್ಮ ಮನೆಗೆ ಹಿಂದೆ ಹೊಡೆಸಿದ್ದು ಸಿಮೆಂಟ್ ಪೇಂಟ್, ಈ ಸಲ ಎಮಲ್ಷನ್. ಧಾರವಾಡದ ಅಕ್ಕ ತನ್ನ ಮನೆಗೆ ಹತ್ತು ವರ್ಷ ಗ್ಯಾರಂಟಿಯ ದುಬಾರಿ ಮಾಲು ಹಾಕಿಸಿದ್ದಾಳೆ. ಮೂರೂ ಮಳೆಗೆ ನೆನೆದಿದ್ದನ್ನು ನೋಡಿದ್ದೇನೆ.

ಸಿಮೆಂಟ್ ಪೇಂಟ್ ಅಗ್ಗ, ಅದು ನಿಜ. ಪುಡಿ ತಂದು ನೀರಲ್ಲಿ ಕಲಸಿದರೆ ಆಯಿತು. ಬಣ್ಣಕ್ಕೂ ಮೊದಲು ತಳಕ್ಕೆ ಹೊಡೆಯುವ ಪ್ರೈಮರ್ ಕೂಡ ಬೇಡ. ತಲೆನೋವೆಲ್ಲ ನೀರಿನದ್ದೇ. ಅದರಲ್ಲಿರುವುದು ಬಿಳಿ ಸಿಮೆಂಟು, ಅದು ಗಟ್ಟಿಯಾಗಲು ನೀರು ಬೇಕು. ಹೊಡೆಯುವ ಮೊದಲು ಗೋಡೆ ನೆನೆಸಬೇಕು. ಎರಡನೇ ಕೋಟ್‌ಗೆ ಮತ್ತೆ ನೆನೆಸಬೇಕು. ಎಲ್ಲ ಮುಗಿದ ಮೇಲೂ ಎರಡು ಮೂರು ದಿನ ನೀರು ಚಿಮುಕಿಸಬೇಕು.

ನಳಕ್ಕೆ ವಾರಕ್ಕೊಮ್ಮೆ ನೀರು ಬರುತ್ತಿದ್ದ ಓಣಿಯಲ್ಲಿ ಇದು ಆಗುವ ಮಾತಾ? ಕುಡಿಯಲು ತುಂಬಿಟ್ಟ ಮಲಪ್ರಭಾ ನೀರನ್ನು ಗೋಡೆಗೆ ಸುರಿದರೆ ಮನೆಯಲ್ಲಿ ಯಾರು ಸುಮ್ನಿರ್ತಾರೆ? ಪೇಂಟರ್ ಮಾತ್ರ ಪಟ್ಟು ಬಿಡಲಿಲ್ಲ: "ನೀರ ಹೊಡೀಲಿಲ್ಲಂದ್ರ ಈ ಬಣ್ಣ ನಿಲ್ಲೂದಿಲ್ರಿ ಸರ." ಕೊನೆಗೆ ಟ್ಯಾಂಕರ್ ತರಿಸಿದೆವು. ಅದೂ ಬೋರಿನ ಸವಳು ನೀರೇ. ಒಣಗಿದ ಮೇಲೆ ತಿಳಿಹಸಿರಿನ ಮೇಲೆಲ್ಲ ಬಿಳಿ ಗೆರೆ.

ಪಶ್ಚಿಮದ ಗೋಡೆಯದು ಬೇರೆ ಕತೆ. ಮಧ್ಯಾಹ್ನದ ಬಿಸಿಲಿಗೆ ಅಲ್ಲಿ ಹೊಡೆದ ನೀರು ನಿಲ್ಲಲೇ ಇಲ್ಲ, ಬಣ್ಣ ಪುಡಿಯಾಯಿತು. ಬೆರಳಿಂದ ಒರೆಸಿದರೆ ಚಾಕ್‌ಪೀಸ್ ಹಿಡಿದ ಮೇಷ್ಟ್ರ ಕೈ ಹಾಗೆ. ಮಗಳು ಆ ಗೋಡೆಗೆ ಸೈಕಲ್ ಆನಿಸಿ ಹೊರಟಾಗಲೆಲ್ಲ ನೀಲಿ ಯೂನಿಫಾರ್ಮಿನ ಒಂದು ಮಗ್ಗುಲು ಬೆಳ್ಳಗೆ. ಮಳೆಗಾಲ ಬಂದರೆ ಅದೇ ಗೋಡೆ ನೀರು ಹೀರಿಕೊಂಡು ಪಾಚಿಗಟ್ಟಿ ಕಪ್ಪಾಗುತ್ತಿತ್ತು.

ಅಷ್ಟಕ್ಕೇ ಮುಗಿಯಲಿಲ್ಲ. ಈ ಸಲ ಎಮಲ್ಷನ್ ಹೊಡೆಸಲು ಹೋದರೆ ಹಳೇ ಪುಡಿಯನ್ನೆಲ್ಲ ತಂತಿ ಬ್ರಷ್ಷಿನಿಂದ ಕೆರೆದು ತೆಗೆಯಬೇಕಾಯಿತು. ಪುಡಿಯ ಮೇಲೆ ಹೊಡೆದರೆ ಹೊಸ ಬಣ್ಣ ಅದರ ಜೊತೆಗೇ ಕಿತ್ತು ಬರುತ್ತದೆ. ಹಿಂದೆ ಉಳಿಸಿದ ದುಡ್ಡು ಕೆರೆಯುವ ಕೂಲಿಗೆ ಹೋಯಿತು. ಇನ್ನು ಏಣಿ, ಬಂಬು, ಆಳಿನ ಪಗಾರ ಯಾವ ಬಣ್ಣಕ್ಕಾದರೂ ಬಹುತೇಕ ಒಂದೇ. ಅಗ್ಗವಾಗುವುದು ಡಬ್ಬಿ ಮಾತ್ರ.

ಎಮಲ್ಷನ್ ಬಗ್ಗೆ ದೂರೇ ಕಡಿಮೆ. ಬಿರುಕು ತುಂಬಿಸಿ, ಒಂದು ಕೋಟ್ ಪ್ರೈಮರ್, ನಾಲ್ಕಾರು ತಾಸು ಬಿಟ್ಟು ಬಿಟ್ಟು ಎರಡು ಕೋಟ್ ಬಣ್ಣ. ಎರಡು ಕೋಟ್‌ಗೆ ಲೀಟರಿಗೆ ಸುಮಾರು 50 ಚದರ ಅಡಿ ಅಂತ ಹಿಡಿಯಿರಿ, ಗೋಡೆ ತರಿತರಿ ಇದ್ದರೆ ಇನ್ನೂ ಜಾಸ್ತಿ ಕುಡಿಯುತ್ತದೆ. ನನಗೆ ಇಷ್ಟವಾದದ್ದು ಕೆಳಗಿನ ಎರಡು ಅಡಿ. ಮಳೆ ಬಂದಾಗ ಅಂಗಳದ ಎರೆಮಣ್ಣು ಅಲ್ಲಿಗೇ ಸಿಡಿಯುವುದು. ಒಂದು ಚೊಂಬು ನೀರು, ಮೆತ್ತನೆಯ ಬ್ರಷ್, ಮಣ್ಣು ಇಳಿದು ಹೋಗುತ್ತದೆ.

ಹೊಸ ಪ್ಲಾಸ್ಟರ್ ಆಗಿದ್ದರೆ ಯಾವುದನ್ನೂ ಅವಸರಕ್ಕೆ ಹೊಡೆಸಬೇಡಿ, 28 ದಿನವಾದರೂ ಬಿಡಿ.

ಅಕ್ಕನ ಮನೆಯ ದುಬಾರಿ ಬಣ್ಣ ನೋಡಲು ಚಂದ. ಕೂದಲೆಳೆಯಂಥ ಬಿರುಕುಗಳನ್ನೂ ಮುಚ್ಚಿದೆ. ಆದರೆ ತಾರಸಿಯ ಕಟ್ಟೆಯಿಂದ ನೀರು ಒಳಗಿಳಿದು ಬಣ್ಣ ಗುಳ್ಳೆ ಎದ್ದಾಗ, ಅದು ಗ್ಯಾರಂಟಿಗೆ ಬರುವುದಿಲ್ಲ ಅಂದರು. ಕಾಗದದಲ್ಲಿ ಸಣ್ಣ ಅಕ್ಷರದಲ್ಲಿ ಹಾಗೇ ಬರೆದಿತ್ತು ಕೂಡ. ಗೋಡೆಯ ಒಳಗಿಂದ ನೀರು ತಳ್ಳಿದರೆ ದುಬಾರಿ ಬಣ್ಣವೂ ನಿಲ್ಲುವುದಿಲ್ಲ. ಆ ದುಡ್ಡಲ್ಲಿ ಮೊದಲು ಗೌಂಡಿಯನ್ನು ಕರೆಸಿ ತಾರಸಿ ನೋಡಿಸುವುದು ವಾಸಿ.

ನಾನು ಐದಾರು ವರ್ಷಕ್ಕೊಮ್ಮೆ ಬಣ್ಣ ಬದಲಿಸುವವನು, ಒಂದೇ ಬಣ್ಣ ನೋಡಿ ಬೇಜಾರಾಗುತ್ತದೆ. ಹಾಗಾಗಿ ಹತ್ತು ವರ್ಷದ್ದು ನನಗೆ ದಂಡ. ಹಿತ್ತಲಿನ ಕಂಪೌಂಡಿಗೆ ಮಾತ್ರ ಈಗಲೂ ಸಿಮೆಂಟ್ ಪೇಂಟೇ, ಅಲ್ಲಿ ಯಾರೂ ಒರಗುವುದಿಲ್ಲ. ಬೀದಿ ಕಡೆಯ ಗೋಡೆಗೆ ಹೊಡೆಸುವವರು ರಂಗಪಂಚಮಿಯ ಬಣ್ಣದಾಟ ಮುಗಿಯುವ ತನಕ ತಡೆಯಿರಿ. ಓಣಿಯ ಹುಡುಗರಿಗೆ ಗೋಡೆ ಹೊಸದೋ ಹಳೇದೋ ಎರಡೂ ಒಂದೇ. ಆಮೇಲೆ ಮುಂಗಾರಿಗೂ ಮುಂಚಿನ ಅಡ್ಡಮಳೆ ಜೋರಾಗುವ ಮೊದಲು ಮುಗಿಸಿಕೊಳ್ಳಿ.