ಖಾರದ ದಿನ, ಅಕ್ಕಿಯ ದಿನ: ನಮ್ಮ ಮಿಲ್‌ಗೆ ವಾಟ್ಸ್‌ಆ್ಯಪ್ ಬಿಸಿನೆಸ್ ಬಂದ ಮೇಲೆ

ಹಾಸನದ ಸಾಲಗಾಮೆ ರಸ್ತೆ ಕಡೆ ನಮ್ಮದೊಂದು ಹಿಟ್ಟಿನ ಮಿಲ್ ಇದೆ. ಅಪ್ಪನ ಕಾಲದ್ದು. ಎರಡು ಮಿಷನ್ ಇವೆ. ಒಂದು ಕಲ್ಲಿನದು, ರಾಗಿ, ಗೋಧಿ, ಜೋಳಕ್ಕೆ. ಇನ್ನೊಂದು ಸಣ್ಣದು. ಅಕ್ಕಿ, ಕಡಲೆಬೇಳೆ, ಸಾರಿನ ಪುಡಿ, ಖಾರದ ಪುಡಿ ಎಲ್ಲಾ ಅದರಲ್ಲೇ ಆಗಬೇಕು. ತಲೆನೋವು ಇರುವುದೇ ಅಲ್ಲಿ. ಒಮ್ಮೆ ಖಾರ ಹಾಕಿದರೆ ಮುಗಿಯಿತು, ಎಷ್ಟು ತೌಡು ಹಾಕಿ ತಿರುಗಿಸಿದರೂ ಅವತ್ತು ಅಕ್ಕಿ ಹಾಕುವ ಹಾಗಿಲ್ಲ. ಹಾಕಿದರೆ ಸಂಜೆ ಯಾರದೋ ಮನೆಯ ಮಗು ತಿನ್ನುವ ಸರಿಯಲ್ಲಿ ಗುಂಟೂರು ಮೆಣಸಿನಕಾಯಿ ಇರುತ್ತದೆ.

ಅದಕ್ಕೇ ಬುಧವಾರ, ಶನಿವಾರ ಖಾರದ ದಿನ. ಉಳಿದ ದಿನ ಅಕ್ಕಿ, ಬೇಳೆ. ಬಾಗಿಲಿಗೆ ಬೋರ್ಡ್ ಬರೆಸಿ ಹಾಕಿದ್ದೆ. ಮಿಲ್ ಬಾಗಿಲ ಬೋರ್ಡನ್ನು ಮನೆಯಲ್ಲಿ ಕೂತವರು ಹೇಗೆ ಓದಬೇಕು? ಕುವೆಂಪುನಗರದಿಂದ ಆಟೋ ಮಾಡಿಕೊಂಡು ಐದು ಕೆ.ಜಿ. ಅಕ್ಕಿ ಹೊತ್ತು ತಂದು, "ಅಯ್ಯೋ, ಇವತ್ತು ಖಾರನಾ ಅಣ್ಣಾ?" ಅಂತ ಮೂಗಿಗೆ ಸೆರಗು ಹಿಡಿದು ನಿಂತವರನ್ನು ನೋಡಿ ನೋಡಿ ನನಗೇ ಬೇಜಾರಾಗಿತ್ತು. ಅವರು ಮುಂದಿನ ಸಲ ಬೇರೆ ಮಿಲ್‌ಗೆ ಹೋಗುತ್ತಾರೆ. ಸಹಜ ಅಲ್ವಾ.

ವಾಟ್ಸ್‌ಆ್ಯಪ್ ಬಿಸಿನೆಸ್ ಬಗ್ಗೆ ಹೇಳುವ ಮೊದಲು 2023ರಲ್ಲಿ ನಾನು ಕಳೆದುಕೊಂಡ ದುಡ್ಡಿನ ಕಥೆ ಹೇಳಿಬಿಡುತ್ತೇನೆ. ಬೆಂಗಳೂರಿನ ಒಂದು ಸಂಸ್ಥೆ. ಹೆಸರು ಬೇಡ. ಲೋಗೋ, ಫೇಸ್‌ಬುಕ್ ಪುಟ, ತಿಂಗಳಿಗೆ ಇಷ್ಟು ಪೋಸ್ಟರ್ ಅಂತ ಮಾತಾಡಿ 15,000 ಮುಂಗಡ ಕೊಟ್ಟೆ. ಮೊದಲ ಲೋಗೋ ಬಂತು. ರಾಗಿ ತೆನೆ ಭತ್ತದ ಥರ ಕಾಣುತ್ತಿತ್ತು. ವಾಪಸ್ ಕಳಿಸಿದೆ. ಎರಡನೆಯದರಲ್ಲಿ ರಾಗಿಯ ಬಣ್ಣ ಸಾಸಿವೆ ಬಣ್ಣ ಆಗಿತ್ತು. ಅದೂ ವಾಪಸ್. ಹೀಗೇ ಹನ್ನೊಂದು ಸಲ. ಹತ್ತನೆಯದು ಚೆನ್ನಾಗೇ ಇತ್ತು, ಈಗ ನೋಡಿದರೆ ಹಾಗನಿಸುತ್ತದೆ. ಆದರೆ ಆಗ "ಮಿಲ್ ಅಂದ್ರೆ ಕಲ್ಲು ಕಾಣಬೇಕು" ಅಂತ ಹಟ ಹಿಡಿದೆ. ಅಷ್ಟರಲ್ಲಿ ನಮ್ಮ ಕೆಲಸ ನೋಡುತ್ತಿದ್ದ ಹುಡುಗ ಕೆಲಸ ಬಿಟ್ಟ. ಆಮೇಲೆ ಫೋನ್ ಎತ್ತುವವರೇ ಇಲ್ಲ. ಗೌರಿ ಹಬ್ಬ, ದಸರಾ, ದೀಪಾವಳಿ ಎಲ್ಲಾ ಕಳೆಯಿತು. ಸಂಕ್ರಾಂತಿ ಪೋಸ್ಟರ್ ಸಂಕ್ರಾಂತಿ ಆದ ನಾಲ್ಕನೇ ದಿನ ಬಂತು. ತಪ್ಪು ಅವರದೂ ಇದೆ. ಆದರೆ ಏಳು ತಿಂಗಳು ಒಂದೇ ಒಂದು ಸಾಲನ್ನೂ ಜನಕ್ಕೆ ತಿಳಿಸದೆ ಕೂತಿದ್ದು ನಾನು. ಮಿಲ್ ಏನು ಮುಚ್ಚಿರಲಿಲ್ಲವಲ್ಲ, ದಿನಾ ತಿರುಗುತ್ತಲೇ ಇತ್ತು.

ಮಗಳು ಒಂದು ದಿನ ಕೇಳಿದಳು. "ಅಪ್ಪ, ದಿನಾ ಬೆಳಿಗ್ಗೆ ಗೋಡೆಗೆ ಬಣ್ಣ ಹೊಡೆದೇ ಮಿಲ್ ಬಾಗಿಲು ತೆಗೀತೀಯಾ?"

2024ರ ವರ್ಷತೊಡಕಿನ ದಿನ ಅವಳೇ ಆ್ಯಪ್ ಹಾಕಿಕೊಟ್ಟಳು. ಏಪ್ರಿಲ್ 10, ಬುಧವಾರ. ವರ್ಷತೊಡಕಿನ ದಿನ ಏನು ಮಾಡುತ್ತೇವೋ ವರ್ಷವಿಡೀ ಅದೇ ಮಾಡುತ್ತೇವೆ ಅಂತ ನಮ್ಮ ಕಡೆ ನಂಬಿಕೆ. ಬಾಡೂಟದ ದಿನ ಬೇರೆ. ಬೆಳಿಗ್ಗೆ ಆರಕ್ಕೇ ಮಸಾಲೆ ಹಾಕಿಸಲು ಜನ ಸಾಲು ನಿಂತಿದ್ದರು. ಅದರ ನಡುವೆಯೇ ಮಿಷನ್ ಬಾಯಿಯ ಫೋಟೋ ತೆಗೆದು, "ಇವತ್ತು ಖಾರ. ಅಕ್ಕಿ ನಾಳೆ." ಅಂತ ಸ್ಟೇಟಸ್ ಹಾಕಿದೆ. ಫೋಟೋದಲ್ಲಿ ನನ್ನ ಹೆಬ್ಬೆರಳು ಅರ್ಧ ಬಂದಿತ್ತು. ಹನ್ನೊಂದು ಜನ ನೋಡಿದರು. ಹನ್ನೊಂದು ಲೋಗೋ, ಹನ್ನೊಂದು ಜನ. ಲೆಕ್ಕ ಸರಿಹೋಯಿತು ಅಂದುಕೊಂಡೆ.

ಇನ್ನು ಆ್ಯಪ್ ವಿಷಯ. 2018ರಲ್ಲಿ ಬಂದದ್ದು. ಕಾಸು ಕೊಡಬೇಕಿಲ್ಲ. ಮಾಮೂಲಿ ವಾಟ್ಸ್‌ಆ್ಯಪ್ ಥರವೇ ಇದೆ, ಅಂಗಡಿಯವರಿಗೆ ಬೇಕಾದ ನಾಲ್ಕಾರು ಸೌಲಭ್ಯ ಜಾಸ್ತಿ. ಒಂದೇ ನಂಬರ್ ಅನ್ನು ಮಾಮೂಲಿ ವಾಟ್ಸ್‌ಆ್ಯಪ್‌ಗೂ ಇದಕ್ಕೂ ಒಟ್ಟಿಗೆ ಇಟ್ಟುಕೊಳ್ಳುವ ಹಾಗಿಲ್ಲ. ನಾನು ಮಿಲ್‌ನ ಹಳೇ ಬಟನ್ ಫೋನಿನ ಸಿಮ್ ಬಳಸಿದೆ. ಗಿರಾಕಿಗಳಿಗೆ ಆ ನಂಬರ್ ಮೊದಲೇ ಗೊತ್ತಿತ್ತು. ಅಂಗಡಿಗೆ ಲ್ಯಾಂಡ್‌ಲೈನ್ ಇದ್ದರೆ ಅದೂ ಆಗುತ್ತದೆ, ನಂಬರ್ ನಿಮ್ಮದೇ ಅಂತ ಖಾತ್ರಿ ಮಾಡುವ ಕೋಡನ್ನು ಕರೆ ಮಾಡಿ ಹೇಳುತ್ತಾರೆ. ನಮ್ಮ ಮನೆಯವರ ಫೋನಿಗೂ ಜೋಡಿಸಿದ್ದೇವೆ. ನಾನು ಮಿಷನ್ ಹತ್ತಿರ ಇದ್ದಾಗ ಅವರು ಉತ್ತರ ಕೊಡುತ್ತಾರೆ. ನಿಜ ಹೇಳಬೇಕೆಂದರೆ ನನಗಿಂತ ಅವರ ಉತ್ತರವೇ ಚೆನ್ನಾಗಿರುತ್ತದೆ. ನಾನು "ಸರಿ" ಅಂತ ಬರೆಯುವ ಕಡೆ ಅವರು "ಸರಿ ಅಕ್ಕ, ಸಂಜೆ ಐದಕ್ಕೆ ಬನ್ನಿ" ಅಂತ ಬರೆಯುತ್ತಾರೆ.

ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಸ್ಟೇಟಸ್. ಅದು 24 ಗಂಟೆ ಇದ್ದು ತಾನೇ ಹೋಗುತ್ತದೆ. ನನ್ನಂಥವನಿಗೆ ಅದೇ ದೊಡ್ಡ ಔಷಧಿ. ನಾಳೆ ಬೆಳಿಗ್ಗೆ ಅಳಿಸಿಹೋಗುವುದಕ್ಕೆ ಹನ್ನೊಂದು ಸಲ ಯಾರು ತಿದ್ದುತ್ತಾರೆ? ಬೆಳಿಗ್ಗೆ ಆರು ಇಪ್ಪತ್ತಕ್ಕೆ ಶಟರ್ ಎತ್ತುತ್ತೇನೆ. ದೇವರ ಫೋಟೋಗೆ ಊದುಬತ್ತಿ ಹಚ್ಚುತ್ತೇನೆ. ಅದು ಉರಿದು ಮುಗಿಯುವಷ್ಟರಲ್ಲಿ ಸ್ಟೇಟಸ್ ಹೋಗಿರಬೇಕು. ಇದು ನಾನೇ ಹಾಕಿಕೊಂಡ ಕಟ್ಟಳೆ. ಟೈಪ್ ಮಾಡುವುದಕ್ಕೆ ಬೆರಳು ಬರದಿದ್ದರೆ ಕೀಬೋರ್ಡಿನ ಮೈಕ್ ಒತ್ತಿ ಕನ್ನಡದಲ್ಲೇ ಹೇಳುತ್ತೇನೆ. ಮಿಷನ್ ಶುರುವಾಗುವ ಮುಂಚೆ ಹೇಳಬೇಕು ಅಷ್ಟೆ. ಶುರುವಾದ ಮೇಲೆ ಹೇಳಿದರೆ ಅದು ಬರೆಯುವ ಕನ್ನಡ ಯಾವ ಊರಿನದೋ ದೇವರಿಗೇ ಗೊತ್ತು.

ಒಂದು ಮಾತು ಮುಂಚೆ ತಿಳಿದಿರಬೇಕು. ನೀವು ಅವರ ನಂಬರ್, ಅವರು ನಿಮ್ಮ ನಂಬರ್, ಇಬ್ಬರೂ ಸೇವ್ ಮಾಡಿಕೊಂಡಿದ್ದರೆ ಮಾತ್ರ ಸ್ಟೇಟಸ್ ಕಾಣುತ್ತದೆ. ನನಗೆ ಇದು ಮೂರು ವಾರ ಗೊತ್ತೇ ಇರಲಿಲ್ಲ. ಆಮೇಲೆ ಡಬ್ಬಿಗೆ ಕೊಡುವ ಟೋಕನ್ ಚೀಟಿಯ ಹಿಂದೆ ನಂಬರ್ ಮುದ್ರೆ ಒತ್ತಿಸಿದೆ. ಡಬ್ಬಿ ಕೊಡುವಾಗ ಬಾಯಲ್ಲೂ ಹೇಳುತ್ತೇನೆ, "ಅಕ್ಕ, ಮಿಲ್ ಅಂತ ಸೇವ್ ಮಾಡ್ಕೊಳ್ಳಿ, ಖಾರ ಯಾವತ್ತು ಅಂತ ಬೆಳಿಗ್ಗೆನೇ ಗೊತ್ತಾಗತ್ತೆ." ಪೆನ್ಷನ್ ಮೊಹಲ್ಲಾದ ಒಬ್ಬರು ಅಜ್ಜಿ ಮೊಮ್ಮಗನ ಕೈಲಿ ಸೇವ್ ಮಾಡಿಸಿಕೊಂಡರು. ಈಗ ನನ್ನ ಸ್ಟೇಟಸ್ ಮೊದಲು ನೋಡುವುದು ಅವರೇ. ಆರೂವರೆಗೆಲ್ಲಾ ಅವರ ಹೆಸರು ಬಂದಿರುತ್ತದೆ. ಒಟ್ಟು ಈಗ ದಿನಕ್ಕೆ ಇನ್ನೂರರ ಮೇಲೆ ಜನ ನೋಡುತ್ತಾರೆ. ಕೆಲವು ದಿನ ಎಂಬತ್ತೂ ಇಲ್ಲ. ಯಾಕೆ ಅಂತ ಹುಡುಕಲು ಹೋಗುವುದನ್ನು ಬಿಟ್ಟೆ.

ಏನು ಹಾಕುವುದು ಅಂತ ಮೊದಲ ತಿಂಗಳು ತುಂಬಾ ತಲೆ ಕೆಡಿಸಿಕೊಂಡೆ. ಶುಭೋದಯ, ಗುಲಾಬಿ ಹೂವು, ಸೂರ್ಯೋದಯ ಎಲ್ಲಾ ಹಾಕಿ ನೋಡಿದೆ. ಆ ಥರದ್ದು ಅವರಿಗೆ ದೊಡ್ಡಪ್ಪ, ಚಿಕ್ಕಪ್ಪಂದಿರಿಂದಲೇ ಬೇಕಾದಷ್ಟು ಬರುತ್ತದೆ. ಜನಕ್ಕೆ ಬೇಕಿದ್ದದ್ದು ಮಿಲ್ ಸುದ್ದಿ. ಇವತ್ತು ಏನು ಹಾಕುತ್ತೇವೆ, ಕರೆಂಟ್ ಇದೆಯೋ ಇಲ್ಲವೋ, ಎಷ್ಟು ಡಬ್ಬಿ ಸಾಲಲ್ಲಿವೆ. ಬೀಸುವ ಕಲ್ಲು ಮೊಂಡಾದಾಗ ಬಿಚ್ಚಿ ಉಳಿಯಿಂದ ಕೆತ್ತಿಸಬೇಕು, ಇಲ್ಲದಿದ್ದರೆ ಹಿಟ್ಟು ಬಿಸಿಯಾಗುತ್ತದೆ. ಒಂದು ಸೋಮವಾರ ಆ ಕೆಲಸ ನಡೆಯುತ್ತಿತ್ತು. ಬೇರೆ ಏನೂ ಸಿಗದೆ ಅದರದೇ ಹತ್ತು ಸೆಕೆಂಡ್ ವಿಡಿಯೋ ಹಾಕಿ, "ಕಲ್ಲಿನ ಕೆಲಸ, ಮಧ್ಯಾಹ್ನ ಎರಡರ ಮೇಲೆ ಬನ್ನಿ" ಅಂದೆ. ಈವರೆಗೆ ಅಷ್ಟು ಉತ್ತರ ಯಾವುದಕ್ಕೂ ಬಂದಿಲ್ಲ. "ಇದನ್ನ ನೋಡೇ ಇರ್ಲಿಲ್ಲ", "ನಮ್ಮ ಊರಲ್ಲಿ ಅಜ್ಜಿ ಬೀಸೋ ಕಲ್ಲಿಗೂ ಹೀಗೇ ಮಾಡಿಸ್ತಿದ್ರು" ಅಂತ. ಎರಡು ಗಂಟೆಗೆ ಬನ್ನಿ ಅಂದರೆ ಇಬ್ಬರು ಹನ್ನೊಂದಕ್ಕೇ ಬಂದು ಕಲ್ಲು ಕೆತ್ತುವುದನ್ನು ನೋಡುತ್ತಾ ನಿಂತರು. ಆ ಲೋಗೋದಲ್ಲಿ ನಾನು ಕಾಣಿಸಬೇಕು ಅಂತ ಹಟ ಹಿಡಿದದ್ದು ಇದೇ ಕಲ್ಲು.

ಎಡವಟ್ಟೂ ಆಗಿವೆ. ನಿದ್ದೆಗಣ್ಣಲ್ಲಿ ಒಂದು ಬುಧವಾರ ಹಿಂದಿನ ದಿನದ ಸಾಲನ್ನೇ ಮತ್ತೆ ಹಾಕಿಬಿಟ್ಟೆ. "ಇವತ್ತು ಅಕ್ಕಿ." ಒಂಬತ್ತು ಗಂಟೆಗೆ ಒಂದು ಕಡೆ ಅಕ್ಕಿ ಡಬ್ಬಿಯವರು, ಇನ್ನೊಂದು ಕಡೆ ಮಾಮೂಲಿನಂತೆ ಮೆಣಸಿನಕಾಯಿ ಚೀಲದವರು, ಎಲ್ಲರೂ ಸೀನುತ್ತಾ ನನ್ನನ್ನೇ ನೋಡುತ್ತಿದ್ದರು. ಏಳು ಮನೆಯ ಅಕ್ಕಿಹಿಟ್ಟನ್ನು ಮಾರನೇ ದಿನ ಸ್ಕೂಟರಿನಲ್ಲಿ ನಾನೇ ತಲುಪಿಸಿ ಬಂದೆ. ಕಾಗುಣಿತದ ತಪ್ಪಂತೂ ಲೆಕ್ಕವಿಲ್ಲ. ನಮ್ಮ ಬೀದಿಯ ಮೇಷ್ಟ್ರೊಬ್ಬರು "ಹಿಟ್ಟು ಅನ್ನೋದಕ್ಕೆ ಒತ್ತು ಬೇಕಪ್ಪಾ" ಅಂತ ಈಗಲೂ ಕಳಿಸುತ್ತಾರೆ. ಕಳಿಸಿ, ಸಂಜೆ ರಾಗಿ ಡಬ್ಬಿ ಹಿಡಿದು ಬರುತ್ತಾರೆ.

ಇನ್ನೊಂದು ದೊಡ್ಡದು, ಅದೂ ನನ್ನದೇ ತಪ್ಪು. ಅಂಗಡಿ ಮುಚ್ಚಿದಾಗ ತಾನಾಗೇ ಹೋಗುವ ಸಂದೇಶ ಅಂತ ಒಂದಿದೆ. ಅದನ್ನು ಯಾವಾಗಲೂ ಕಳಿಸು, ಇಂಥ ಹೊತ್ತಿಗೆ ಕಳಿಸು, ವ್ಯಾಪಾರದ ವೇಳೆ ಬಿಟ್ಟು ಕಳಿಸು ಅಂತ ಮೂರು ಥರ ಇಡಬಹುದು. 2024ರ ದೀಪಾವಳಿಗೆ ಒಂದು ದಿನ "ಇವತ್ತು ಮಿಲ್ ರಜೆ" ಅಂತ ಬರೆದು, ಮೊದಲನೆಯದನ್ನು ಒತ್ತಿ ಮರೆತುಬಿಟ್ಟೆ. ಐದು ದಿನ ಯಾರು ಏನು ಕೇಳಿದರೂ ಫೋನ್ ತಾನೇ ರಜೆ ಅಂತ ಹೇಳಿದೆ. ನಾನು ಮಿಲ್‌ನಲ್ಲಿ ನೊಣ ಹೊಡೆಯುತ್ತಾ, ಹಬ್ಬದ ಮೇಲೆ ವ್ಯಾಪಾರ ಡಲ್ ಅಂತ ಪಕ್ಕದ ಬೇಕರಿಯವರ ಹತ್ತಿರ ಹೇಳಿಕೊಳ್ಳುತ್ತಿದ್ದೆ. ನೀವು ಹಾಕಿದರೆ ವ್ಯಾಪಾರದ ವೇಳೆ ತುಂಬಿ, ಮೂರನೆಯದನ್ನೇ ಇಟ್ಟುಕೊಳ್ಳಿ.

ಉಳಿದ ಸೌಲಭ್ಯ ಬೇಗ ಹೇಳಿ ಮುಗಿಸುತ್ತೇನೆ. ಮೊದಲ ಸಲ ಮೆಸೇಜ್ ಮಾಡಿದವರಿಗೆ, ಅಥವಾ 14 ದಿನ ಮಾತೇ ಇಲ್ಲದೆ ಮತ್ತೆ ಬಂದವರಿಗೆ ತಾನಾಗೇ ಒಂದು ನಮಸ್ಕಾರ ಹೋಗುತ್ತದೆ. ಅದರಲ್ಲೇ ಖಾರದ ದಿನ ಬರೆದಿಟ್ಟಿದ್ದೇನೆ. ಓರೆ ಗೆರೆ (/) ಹಾಕಿ ಒಂದು ಚಿಕ್ಕ ಪದ ಒತ್ತಿದರೆ ಮೊದಲೇ ಬರೆದಿಟ್ಟ ಉತ್ತರ ಬರುತ್ತದೆ. ಹೀಗೆ 50 ಇಡಬಹುದು, ನನಗೆ ಬೇಕಾದದ್ದು ನಾಲ್ಕು. ರಾಗಿ ಕೆ.ಜಿ.ಗೆ ಎಷ್ಟು ಅಂತ ದಿನಕ್ಕೆ ಹತ್ತು ಜನ ಕೇಳುತ್ತಾರೆ, ಅದಕ್ಕೇ ಒಂದು. ಗಿರಾಕಿಗಳ ಚಾಟ್‌ಗೆ ಗುರುತು ಹಚ್ಚುವ ಲೇಬಲ್ 20 ಸಿಗುತ್ತವೆ. "ಡಬ್ಬಿ ರೆಡಿ", "ಬಾಕಿ" ಎರಡೇ ಸಾಕಾಗಿದೆ. ಬಾಕಿ ಲೇಬಲ್ ನೋಡಿದ ಮೇಲೆ ನನ್ನ ಉದ್ರಿ ಪುಸ್ತಕ ಎಷ್ಟು ಸುಳ್ಳು ಅಂತ ಗೊತ್ತಾಯಿತು. ಕ್ಯಾಟಲಾಗ್‌ನಲ್ಲಿ ನಾವೇ ಮಾಡಿ ಮಾರುವ ಹುರಿಹಿಟ್ಟು, ಮೊಳಕೆ ರಾಗಿ ಹಿಟ್ಟು, ಸಾರಿನ ಪುಡಿ ಸೇರಿ ಒಂಬತ್ತು ಇವೆ. ಟ್ಯೂಬ್‌ಲೈಟ್ ಕೆಳಗೆ ತೆಗೆದ ಫೋಟೋ. ಸಾರಿನ ಪುಡಿ ಸ್ವಲ್ಪ ಇಟ್ಟಿಗೆ ಪುಡಿ ಥರ ಕಾಣುತ್ತದೆ. ಮಾರಾಟಕ್ಕೇನೂ ಅಡ್ಡಿ ಆಗಿಲ್ಲ.

ಬ್ರಾಡ್‌ಕಾಸ್ಟ್, ಅಂದರೆ ಒಂದೇ ಮೆಸೇಜನ್ನು ಒಟ್ಟಿಗೆ ತುಂಬಾ ಜನಕ್ಕೆ ಕಳಿಸುವುದು, ಅದನ್ನು ಮಾತ್ರ ಕೈ ಬಿಗಿ ಹಿಡಿದು ಬಳಸಬೇಕು. ಒಂದು ಪಟ್ಟಿಗೆ 256 ಜನ, ಅದೂ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಸ್ಟೇಟಸ್ ನೋಡುವುದು ಅವರ ಇಷ್ಟ. ಬ್ರಾಡ್‌ಕಾಸ್ಟ್ ಅಂದರೆ ನಾವೇ ಮನೆ ಬಾಗಿಲು ಬಡಿದ ಹಾಗೆ. ಭಾನುವಾರ ರಾತ್ರಿ ಎಂಟಕ್ಕೆ ಒಂದೇ ಒಂದು ಕಳಿಸುತ್ತೇನೆ, ವಾರದ ಪಟ್ಟಿ. ಬೇಸಿಗೆಯಲ್ಲಿ ವರ್ಷಕ್ಕಾಗುವಷ್ಟು ಖಾರ ಮಾಡಿಸುವ ಕಾಲಕ್ಕೆ ಇನ್ನೊಂದು ದಿನ ಖಾರಕ್ಕೆ ಬಿಡುತ್ತೇವೆ, ಆಗ ಅದನ್ನೂ ಸೇರಿಸುತ್ತೇನೆ.

ಹಾಸನಾಂಬೆ ಜಾತ್ರೆ ದಿನಗಳಲ್ಲಿ ನನಗೆ ಪ್ರತಿ ವರ್ಷ ಒಂದು ಯೋಚನೆ ಬರುತ್ತದೆ. ಆ ತಾಯಿ ವರ್ಷಕ್ಕೊಮ್ಮೆ ಆಶ್ವಯುಜದಲ್ಲಿ ಬಾಗಿಲು ತೆಗೆದರೂ ಊರೆಲ್ಲಾ ಸಾಲು ನಿಲ್ಲುತ್ತದೆ. ಆ ಭಾಗ್ಯ ಹಿಟ್ಟಿನ ಮಿಲ್‌ಗೆ ಇಲ್ಲ. ನಾನು ಎರಡು ದಿನ ಸುಮ್ನೆ ಇದ್ದರೆ ಮೂರನೇ ದಿನ ಜನ ಮಿಕ್ಸಿಯಲ್ಲೇ ಪುಡಿ ಮಾಡಿಕೊಳ್ಳುತ್ತಾರೆ. ಹೊರಗಿನಿಂದ ಬಂದವರಿಗೆ ಮಿಲ್ ಸಿಗಲಿ ಅಂತ ಗೂಗಲ್ ಮ್ಯಾಪಿನಲ್ಲೂ ಹೆಸರು ಹಾಕಿಸಿದ್ದೇವೆ. ಅದಕ್ಕೂ ಕಾಸಿಲ್ಲ. ಅಲ್ಲಿ ವೇಳೆ ಸರಿಯಾಗಿ ಇಟ್ಟರೆ ಸಾಕು.

ಗೋಡೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರ್‌ನಲ್ಲಿ ಸ್ಟೇಟಸ್ ಹಾಕಿದ ದಿನ ಒಂದು ಗೀಟು ಎಳೆಯುತ್ತೇನೆ. ಒಂದೂವರೆ ವರ್ಷದಲ್ಲಿ ಗೀಟಿಲ್ಲದ ದಿನ ಹತ್ತೊಂಬತ್ತು. ಅದರಲ್ಲಿ ನಾಲ್ಕು ನಮ್ಮ ಅತ್ತೆ ತೀರಿಕೊಂಡಾಗ. ಒಂದೆರಡು ಜ್ವರ. ಉಳಿದದ್ದು ಸೋಮಾರಿತನ, ಮುಚ್ಚಿಡುವುದೇನು. ಈಗ ಖಾರದ ದಿನ ಅಕ್ಕಿ ತಂದು ವಾಪಸ್ ಹೋಗುವವರು ವಾರಕ್ಕೆ ಒಬ್ಬಿಬ್ಬರು. ಮೊದಲು ದಿನಕ್ಕೇ ಐದಾರು ಜನ ಇರುತ್ತಿದ್ದರು. ವ್ಯಾಪಾರ ದುಪ್ಪಟ್ಟಾಯಿತು ಅಂತೆಲ್ಲಾ ಹೇಳುವುದಿಲ್ಲ, ಆಗಿಲ್ಲ. ಹುರಿಹಿಟ್ಟು ಮಾತ್ರ ತಿಂಗಳಿಗೆ 20 ಕೆ.ಜಿ. ಹೋಗುತ್ತಿದ್ದದ್ದು ಈಗ 45 ಹೋಗುತ್ತದೆ.

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಯಾಕೆ ಕಡಿಮೆ ಅಂದರೆ ನಂಬರ್ ಸೇವ್ ಮಾಡಿಸುವ ಕೆಲಸ ಬಾಯಲ್ಲೇ ಆಗಬೇಕು, ಒಬ್ಬೊಬ್ಬರಿಗೂ, ಡಬ್ಬಿ ಕೈಗೆ ಕೊಡುವಾಗ. ತಿಂಗಳಿಗೆ ಹಣ ಕಟ್ಟಿದರೆ ಹೆಸರಿನ ಪಕ್ಕ ನೀಲಿ ಗುರುತು ಬರುತ್ತದಂತೆ. ಅದು ಬೇಕಾ ಅಂತ ಮಗಳು ಕೇಳಿದಳು. ಆ ದುಡ್ಡಿಗೆ ಚಿಕ್ಕ ಮಿಷನ್ನಿಗೆ ಹೊಸ ಬೆಲ್ಟ್ ಬರುತ್ತದೆ ಅಂದೆ.

ಇದನ್ನು ಮಂಗಳವಾರ ರಾತ್ರಿ ಬರೆಯುತ್ತಿದ್ದೇನೆ. ಸಾಲಗಾಮೆ ರಸ್ತೆ ಕಡೆಯವರು ಯಾರಾದರೂ ಓದುತ್ತಿದ್ದರೆ, ನಾಳೆ ಖಾರ. ಅಕ್ಕಿ ತರಬೇಡಿ.