ಕೇಸ್ ಸ್ಟಡಿ ಬರೆಯೋಕೆ ಕೂತರೆ ಒಂದು ಸಾಲೂ ಬರದಿದ್ದಾಗ: ನಾನು ನೋಡಿದ ನಾಲ್ಕು ದಾರಿ

ಆಕ್ಯುಪೇಷನಲ್ ಥೆರಪಿ (ಕಾಯಿಲೆ, ಪೆಟ್ಟು ಆದವರು ದಿನನಿತ್ಯದ ಕೆಲಸ ಮತ್ತೆ ಮಾಡುವಂತೆ ನೆರವಾಗುವ ಚಿಕಿತ್ಸೆ) ನಾಲ್ಕನೇ ವರ್ಷ, ನ್ಯೂರೋ ಪೋಸ್ಟಿಂಗ್, ಅಂದರೆ ಮೆದುಳು-ನರದ ಕಾಯಿಲೆಯವರ ವಿಭಾಗದಲ್ಲಿ ತರಬೇತಿ. ನಾನು ವರದಿ ಬರೆಯಬೇಕಿದ್ದ ಕೇಸ್, ಬಯಲುಸೀಮೆ ಕಡೆಯ ಒಬ್ಬ ಅಮ್ಮ. ಲಕ್ವ ಹೊಡೆದು ಬಲಗೈ ಬಿಗಿದುಕೊಂಡಿತ್ತು. ಅವರ ಜೊತೆ ಕೆಲಸ ಮಾಡೋದು ನನಗೆ ಕಷ್ಟವಾಗಲೇ ಇಲ್ಲ. ಆದರೆ ಹಾಸ್ಟೆಲ್‌ಗೆ ಬಂದು ಲ್ಯಾಪ್‌ಟಾಪ್ ತೆರೆದರೆ ಮೊದಲ ಸಾಲೇ ಹೊರಡುತ್ತಿರಲಿಲ್ಲ. ಒಂಬತ್ತು ದಿನ ಆದರೂ ಫೈಲ್‌ನಲ್ಲಿ ಇದ್ದದ್ದು ತಲೆಬರಹ ಮತ್ತು ನನ್ನ ರಿಜಿಸ್ಟರ್ ನಂಬರ್ ಮಾತ್ರ.

ಆಮೇಲೆ ಮೂರು ವಾರ ನಾಲ್ಕು ದಾರಿ ನೋಡಿದೆ. ಯಾವುದು ಎಷ್ಟು ಉಪಯೋಗ ಅಂತ ಅಳೆಯೋಕೆ ನಾವು ರೋಗಿಗಳಿಗೆ ಬಳಸುವ ಸಿಒಪಿಎಂ ಅನ್ನೋ ಅಳತೆಯನ್ನೇ ತೆಗೆದುಕೊಂಡೆ. ಒಂದು ಕೆಲಸ ಎಷ್ಟು ಚೆನ್ನಾಗಿ ಆಗುತ್ತೆ, ಅದರಲ್ಲಿ ಎಷ್ಟು ತೃಪ್ತಿ ಇದೆ, ಎರಡಕ್ಕೂ 1ರಿಂದ 10ರ ಒಳಗೆ ನಾವೇ ಅಂಕ ಕೊಡಬೇಕು. 2 ಅಂಕ ಏರಿದರೆ ಲೆಕ್ಕಕ್ಕೆ ಬರುವ ಬದಲಾವಣೆ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಶುರುವಿನಲ್ಲಿ ನನ್ನ ಬರವಣಿಗೆಗೆ ನಾನು ಕೊಟ್ಟದ್ದು 2 ಮತ್ತು 1.

ಮೊದಲು ಟೈಮರ್. 25 ನಿಮಿಷ ಕೆಲಸ, 5 ನಿಮಿಷ ಬಿಡುವು, ಪೊಮೊಡೊರೊ ಅಂತಾರಲ್ಲ, ಅದು. ಏನು ಬರೆಯಬೇಕು ಅಂತ ಗೊತ್ತಿರುವ ಕಡೆ ಇದು ತುಂಬಾ ಒಳ್ಳೇದು. ಎಫ್‌ಐಎಂ, ಅಂದರೆ ರೋಗಿ ದಿನನಿತ್ಯದ ಕೆಲಸದಲ್ಲಿ ಎಷ್ಟು ಸ್ವತಂತ್ರ ಅಂತ ಅಳೆಯುವ ಪಟ್ಟಿ, ಅದರ 18 ಅಂಶಗಳ ಟೇಬಲ್ ಒಂದೇ ಸುತ್ತಿನಲ್ಲಿ ಮುಗೀತು. ಆದರೆ ಚರ್ಚೆಯ ಭಾಗಕ್ಕೆ ಬಂದಾಗ ಗಡಿಯಾರ ನೋಡಿದಷ್ಟೂ ಎದೆ ಹೊಡೆದುಕೊಳ್ಳುತ್ತಿತ್ತು. ಇದಕ್ಕೆ ಅಂಕ 3 ಮತ್ತು 2.

ಲೈಬ್ರರಿಯಲ್ಲಿ ಗೆಳತಿಯರ ಗುಂಪು. ವೈವಾ ತಯಾರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಬರೆಯೋಕೆ ಮಾತ್ರ ಅಷ್ಟಕ್ಕಷ್ಟೆ.

ಮೂರನೆಯದು ಎಐ. ಅರ್ಧ ನಿಮಿಷದಲ್ಲಿ ಎರಡು ಪುಟ ಬಂತು. ಓದಿದಾಗ ಸಮಾಧಾನವೂ ಆಯಿತು. ಗುರಿ ಅಂತ ಬರೆದಿತ್ತು: ದಿನನಿತ್ಯದ ಕೆಲಸಗಳಲ್ಲಿ ಸ್ವಾವಲಂಬನೆ ಹೆಚ್ಚಿಸುವುದು. ಅದು ಪಕ್ಕದ ಬೆಡ್‌ನವರಿಗೂ ಸರಿಹೋಗುವ ಮಾತು. ನಮ್ಮ ಅಮ್ಮನಿಗೆ ಬೇಕಿದ್ದದ್ದು ರೊಟ್ಟಿ ಬಡಿಯೋದು. ಜೊತೆಗೆ ರೋಗಿಯ ವಿವರ ಅಲ್ಲಿ ಹಾಕೋದು ತಪ್ಪು, ಹಾಕದಿದ್ದರೆ ಅದು ಸುಮ್ನೆ ಊಹೆ ಮಾಡುತ್ತೆ. ಈಗ ನಾನೇ ಬರೆದ ಪ್ಯಾರಾದ ಇಂಗ್ಲಿಷ್ ತಿದ್ದೋಕೆ ಮಾತ್ರ ಬಳಸುತ್ತೇನೆ, ಗುರುತು ಸಿಗುವ ವಿವರವೆಲ್ಲ ತೆಗೆದ ಮೇಲೆ.

ಕೆಲಸ ಮಾಡಿದ್ದು ನಾಲ್ಕನೆಯದು. ನಮ್ಮ ಹಾಸ್ಟೆಲ್‌ನಲ್ಲಿ ಇಂಟರ್ನ್‌ಶಿಪ್ ಮಾಡುತ್ತಿದ್ದ ಸೀನಿಯರ್ ಅಕ್ಕ ಒಬ್ಬರಿದ್ದರು. ರಾತ್ರಿ ಊಟ ಆದ ಮೇಲೆ 20 ನಿಮಿಷ ಕೂರುತ್ತಿದ್ದೆವು. ಅವರು ಲ್ಯಾಪ್‌ಟಾಪ್ ಮುಚ್ಚಿಸಿ, "ಇವತ್ತು ಆ ಅಮ್ಮ ಏನು ಮಾಡಿದ್ರು, ಹೇಳು" ಅನ್ನುತ್ತಿದ್ದರು. ನಾನು ಕನ್ನಡದಲ್ಲಿ ಹೇಳುತ್ತಿದ್ದೆ, ಫೋನ್ ರೆಕಾರ್ಡ್ ಮಾಡಿಕೊಳ್ಳುತ್ತಿತ್ತು.

ಮೊದಲ ರಾತ್ರಿ ಹೇಳಿದ್ದು ಇಷ್ಟು. ಹಿಂದಿನ ದಿನ ಅಮ್ಮನಿಗೆ ಥೆರಪಿ ಪುಟ್ಟಿ (ಕೈ ವ್ಯಾಯಾಮಕ್ಕೆ ಹಿಸುಕುವ ಮೆತ್ತನೆ ಮುದ್ದೆ) ಕೊಟ್ಟಿದ್ದೆ. "ಇದೇನ್ ಮಣ್ಣ ತಂಗಿ, ಹಿಟ್ಟು ಕೊಡು" ಅಂದರು. ಮರುದಿನ ಜೋಳದ ಹಿಟ್ಟು, ಬಿಸಿನೀರು ತಂದೆ. ಬಲಗೈ ಬಡಿಯುವ ಬದಲು ಹಿಟ್ಟಿನ ಮೇಲೆ ಸುಮ್ಮನೆ ಕೂತಿತು. ರೊಟ್ಟಿಯ ಅಂಚು ಒಡೆಯಿತು. ಅಮ್ಮ ಎಡಗೈ ಬೆರಳಲ್ಲಿ ಆ ಬಿರುಕು ಒತ್ತಿ ಸೇರಿಸಿದರು.

"ಆಗ ಬಲಗೈ ಏನು ಮಾಡ್ತಿತ್ತು?" ಅಕ್ಕ ಕೇಳಿದರು.

ಕಣ್ಣು ಮುಚ್ಚಿ ನೆನಪಿಸಿಕೊಂಡೆ. ಅಂಗೈ ಹಿಟ್ಟಿನ ಮೇಲೆ ಭಾರ ಹಾಕಿತ್ತು. ಬೆರಳು ಬೆಳಿಗ್ಗೆಗಿಂತ ಸ್ವಲ್ಪ ಬಿಚ್ಚಿದ್ದವು.

"ಅದನ್ನೇ ಬರಿ" ಅಂದರು. ಆ ರಾತ್ರಿ ಒಂದೂವರೆ ಪುಟ ಬರೆದೆ, ಕನ್ನಡದಲ್ಲೇ. ಮರುದಿನ ಇಂಗ್ಲಿಷ್‌ಗೆ ತಂದೆ.

ನಾನು ಹತ್ತನೇ ಕ್ಲಾಸ್‌ವರೆಗೆ ಕನ್ನಡ ಮೀಡಿಯಂ. ಖಾಲಿ ಪುಟದ ಮುಂದೆ ನನ್ನ ತಲೆ ಎರಡು ಕೆಲಸ ಒಟ್ಟಿಗೆ ಮಾಡುತ್ತಿತ್ತು: ಏನು ಹೇಳಬೇಕು ಅಂತ ಹುಡುಕೋದು, ಅದಕ್ಕೆ ಇಂಗ್ಲಿಷ್ ಹುಡುಕೋದು. ರೋಗಿಗೆ ನಾವು ಹೀಗೆ ಎಂದಾದರೂ ಮಾಡಿಸುತ್ತೇವಾ? ಕೆಲಸವನ್ನು ಬಿಡಿಸಿ, ಅವರಿಗೆ ಎಟುಕುವ ಹಂತದಿಂದ ಶುರು ಮಾಡಿಸುತ್ತೇವೆ, ಗ್ರೇಡಿಂಗ್ ಅನ್ನುತ್ತೇವೆ. ಪರೀಕ್ಷೆಯಲ್ಲಿ ಅದರ ಬಗ್ಗೆ ಪುಟಗಟ್ಟಲೆ ಬರೆದವಳು ನಾನು, ನನ್ನ ವಿಷಯಕ್ಕೆ ಅದು ಹೊಳೆಯಲೇ ಇಲ್ಲ.

ಈ ದಾರಿಗೆ ನಾನು ಕೊಟ್ಟದ್ದು 6 ಮತ್ತು 7. ಕೊರತೆಯೂ ಇದೆ. ಅನುವಾದಕ್ಕೆ ಇನ್ನೊಂದು ಸಂಜೆ ಜಾಸ್ತಿ ಬೇಕು. ಮೊದಲಿಂದ ಇಂಗ್ಲಿಷ್‌ನಲ್ಲೇ ಓದಿದವರಿಗೆ ಇಷ್ಟು ಲಾಭ ಆಗದೇ ಇರಬಹುದು. ಅಕ್ಕ ಇಲ್ಲದ ದಿನ ಒಬ್ಬಳೇ ಫೋನ್‌ಗೆ ಹೇಳಿ ನೋಡಿದೆ, ಅರ್ಧ ಕೆಲಸ ಆಯಿತು. ಫೋನ್ "ಆಮೇಲೆ?" ಅಂತ ಕೇಳಲ್ಲ ಅಲ್ವಾ.

ಒಂದು ಮಾತು ಹೇಳಲೇಬೇಕು. ಬರವಣಿಗೆ ಜೊತೆಗೆ ನಿದ್ದೆ, ಊಟವೂ ಕೆಟ್ಟಿದ್ದರೆ ಈ ನಾಲ್ಕರಲ್ಲಿ ಯಾವುದನ್ನೂ ನೆಚ್ಚಿಕೊಂಡು ಕೂರಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಅದು ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಅಕ್ಕ ಇಂಟರ್ನ್‌ಶಿಪ್ ಮುಗಿಸಿ ಊರಿಗೆ ಹೋದರು. ಈಗ ನನ್ನದು ಮಕ್ಕಳ ವಿಭಾಗದ ಪೋಸ್ಟಿಂಗ್. ಭಾನುವಾರ ಸಂಜೆ ಫೋನ್ ಮಾಡುತ್ತೇನೆ. ಅವರ ಮೊದಲ ಪ್ರಶ್ನೆ ಈಗಲೂ ಅದೇ, ಮಗು ಏನು ಮಾಡಿತು?